ಬೆಳಿಗ್ಗೆ ಮಾತ್ರ ಕೆಡುವ ಧ್ವನಿ

ಬನಶಂಕರಿ ಎರಡನೇ ಹಂತದ ಮೀನಾಕ್ಷಮ್ಮನ ಮನೆಗೆ ಕೆಟ್ಟ ಯುಪಿಎಸ್ಸನ್ನೋ ಇಂಡಕ್ಷನ್ ಒಲೆಯನ್ನೋ ಎತ್ತಿಕೊಂಡು ಹೋದವರಿಗೆ ಮೊದಲು ಸಿಗುವುದು ಪ್ರಶ್ನೆಗಳ ಸುರಿಮಳೆ. ಇದನ್ನು ಎಲ್ಲಿಡ್ತೀರಿ, ಪಕ್ಕದಲ್ಲಿ ನಲ್ಲಿ ಇದೆಯಾ, ಈಚೆಗೆ ಮನೆಗೆ ಬಣ್ಣ ಹೊಡೆಸಿದ್ರಾ, ಇಲಿ ಕಾಟ ಇದೆಯಾ. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುಂಚೆ ಅರ್ಧ ಗಂಟೆ ಇದೇ ಕಥೆ. ಅವಸರದ ಗಿರಾಕಿಗಳು ಸಿಡಿಮಿಡಿಗೊಳ್ಳುತ್ತಾರೆ. ಮೀನಾಕ್ಷಮ್ಮ ಅದಕ್ಕೆಲ್ಲ ಸೊಪ್ಪು ಹಾಕುವವರಲ್ಲ.

ಅರವತ್ತೆರಡು ವರ್ಷದ ಈ ಹೆಂಗಸು ಓದಿದ್ದು ಎಸ್ಸೆಸ್ಸೆಲ್ಸಿ. ಹತ್ತೊಂಬತ್ತಕ್ಕೆ ಒಂದು ಟೆಲಿಫೋನ್ ಕಾರ್ಖಾನೆ ಸೇರಿ, ಕೆಲವು ವರ್ಷ ಕಾಯಿಲ್ ಸುತ್ತಿ, ಆಮೇಲೆ ರಿಟೈರ್ ಆಗುವವರೆಗೂ ರಿಪೇರಿ ಮೇಜಿನ ಮುಂದೆ ಕೂತವರು. ಪರೀಕ್ಷೆಯಲ್ಲಿ ಫೇಲಾದ ಬೋರ್ಡುಗಳೆಲ್ಲ ಕೊನೆಗೆ ಅವರ ಮೇಜಿಗೇ ಬಂದು ಬೀಳುತ್ತಿದ್ದವು. ಈಗ ಮನೆಯ ಮುಂದಿನ ಕೋಣೆಯಲ್ಲೇ ಅಂಥದೊಂದು ಮೇಜು ಹಾಕಿಕೊಂಡಿದ್ದಾರೆ.

ಮಹಡಿ ಮೇಲಿನ ಬಾಡಿಗೆ ಮನೆಯ ಅರ್ಪಿತಳಿಗೆ ಈ ಪ್ರಶ್ನೆಗಳ ವಿಷಯದಲ್ಲಿ ಒಳಗೊಳಗೇ ನಗು. ಅವಳು ಎಂ.ಟೆಕ್. ಬಿಟಿಎಂ ಲೇಔಟಿನ ಕಂಪನಿಯೊಂದರಲ್ಲಿ ಅವಳಿಗೆ ಪವರ್ ಸರ್ಕ್ಯೂಟ್ ವಿನ್ಯಾಸ ಮಾಡುವ ಕೆಲಸ. ಸರ್ಕ್ಯೂಟ್ ಕೆಟ್ಟರೆ ಅಳೆದು ನೋಡಬೇಕು, ಲೆಕ್ಕ ಹಾಕಬೇಕು. ಇಲಿಯ ಸಮಾಚಾರ ಯಾಕೆ ಎಂಬುದು ಅವಳ ವಾದ. ಆ ವಾದ ಅಕ್ಟೋಬರ್ ತನಕ ಸುಸೂತ್ರವಾಗಿ ನಡೆಯಿತು.

ಅರ್ಪಿತಳ ತಂದೆಯ ಗೆಳೆಯರೊಬ್ಬರಿದ್ದರು, ಅಂಜನಾಪುರದ ಚಿನ್ನಪ್ಪ. ಬಸ್ ಕಂಡಕ್ಟರಾಗಿದ್ದವರು. ತುಂಬಿದ ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಡ್ರೈವರ್ ಬೆಚ್ಚುತ್ತಿದ್ದನಂತೆ. ಮೂರು ವರ್ಷದ ಹಿಂದೆ ಕ್ಯಾನ್ಸರ್ ಆಗಿ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆವತ್ತಿನಿಂದ ಅವರ ಮಾತು ಒಂದು ಟಾರ್ಚಿನಷ್ಟು ಉದ್ದದ ಮೆಷಿನ್ನಿನಲ್ಲಿ. ಅದನ್ನು ಗಂಟಲಿಗೆ ಒತ್ತಿ ಗುಂಡಿ ಅದುಮಿದರೆ ಗುಂಯ್ ಎಂದು ನಡುಗುತ್ತದೆ. ಬಾಯಿ, ನಾಲಿಗೆ ಆಡಿಸಿ ಆ ಗುಂಯ್‌ಗುಟ್ಟುವಿಕೆಯನ್ನೇ ಮಾತು ಮಾಡಿಕೊಳ್ಳಬೇಕು. ಏರಿಲ್ಲ ಇಳಿವಿಲ್ಲ, ಕೋಪಕ್ಕೂ ಪ್ರೀತಿಗೂ ಒಂದೇ ಸ್ವರ.

ಅವರ ಹೆಂಡತಿ ತಿಮ್ಮಕ್ಕನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. ಆಕೆಗೆ ಕೈಸನ್ನೆ ಕಾಣದು, ಚೀಟಿ ಓದಲಾಗದು. ಗಂಡ ಹೆಂಡತಿಯ ನಡುವೆ ಇದ್ದದ್ದು ಆ ಮೆಷಿನ್ ಒಂದೇ.

ಅದರ ಬ್ಯಾಟರಿ ಸತ್ತು, ಅಂಥದು ಎಲ್ಲೂ ಸಿಗದೆ ಹೋದಾಗ ಅರ್ಪಿತ ಮುಂದೆ ಬಂದಳು. ಮೊಬೈಲ್ ಬ್ಯಾಟರಿ ಹಾಕಿ, ಅದರ ಮೂರೂವರೆ ನಾಲ್ಕು ವೋಲ್ಟನ್ನು ಒಂಬತ್ತಕ್ಕೆ ಏರಿಸುವ ಪುಟ್ಟ ಸ್ವಿಚಿಂಗ್ ರೆಗ್ಯುಲೇಟರ್ ಮಾಡಿದಳು. ಹುಣಸೆಬೀಜಕ್ಕಿಂತ ಚಿಕ್ಕದಾದ ಒಂದು ಚಿಪ್ ಸೆಕೆಂಡಿಗೆ ಲಕ್ಷಾಂತರ ಸಲ ಕರೆಂಟನ್ನು ಬಿಟ್ಟು ಹಿಡಿದು ಮಾಡಿ ಆ ಒಂಬತ್ತನ್ನು ಅಲುಗಾಡದಂತೆ ಕಾಯುತ್ತದೆ. ಚೆಂದ ಕಾಣಲೆಂದು ಬೋರ್ಡಿಗೆ ಕೆಂಪು ಬಣ್ಣವನ್ನೇ ಆರಿಸಿದ್ದಳು. ಜುಲೈಯಿಂದ ಮೂರು ತಿಂಗಳು ಮೆಷಿನ್ ಸಖತ್ತಾಗಿ ಮಾತಾಡಿತು.

ಆಮೇಲೆ ಬೆಳಗಿನ ಹೊತ್ತು ಕೈಕೊಡತೊಡಗಿತು. ಗುಂಡಿ ಒತ್ತಿದರೆ ಕೀಂಯ್ ಎಂಬ ಕಿರುಚು, ಧ್ವನಿ ಚೂರು ಚೂರು, ಮಾತು ಅರ್ಥವೇ ಆಗದು. ಹತ್ತು ಗಂಟೆಯ ಹೊತ್ತಿಗೆ ತಾನಾಗಿ ಸರಿ. ಅರ್ಪಿತ ಮೆಷಿನ್ನನ್ನು ಮೂರು ಸಲ ಆಫೀಸಿಗೆ ಒಯ್ದಳು. ಕೆಪಾಸಿಟರ್ ಬದಲಿಸಿದಳು, ಕಾಯಿಲ್ ಬದಲಿಸಿದಳು, ಚಿಪ್ಪನ್ನೇ ಬದಲಿಸಿದಳು. ವೋಲ್ಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪರದೆಯಲ್ಲಿ ಒಂಬತ್ತು ವೋಲ್ಟಿನ ಗೆರೆ ಪ್ರತಿಸಲವೂ ನೆಟ್ಟಗೆ ಮಲಗಿತ್ತು. ಮೂರು ಸಲವೂ "ಸರಿಯಾಗಿದೆ ಅಂಕಲ್" ಎಂದು ಕೊಟ್ಟಳು, ಮೂರು ಸಲವೂ ಮಾರನೆಯ ಬೆಳಿಗ್ಗೆ ಅದು ಕಿರುಚಿತು.

ಹೋದ ಗುರುವಾರ ಬೆಳಿಗ್ಗೆ ಆರಕ್ಕೆ ಅಡುಗೆಮನೆಯಲ್ಲಿ ನೀರು ಚೆಲ್ಲಿತ್ತು. ತಿಮ್ಮಕ್ಕ ಅತ್ತ ನಡೆಯುವುದನ್ನು ಚಿನ್ನಪ್ಪ ಹಾಸಿಗೆಯಿಂದ ನೋಡಿದರು. ನಿಲ್ಲು ಎನ್ನಲು ಮೆಷಿನ್ ಒತ್ತಿದರು. ಹೊರಟದ್ದು ಕೀಂಯ್ ಮಾತ್ರ. ಅವರು ಎದ್ದು ಓಡುವಷ್ಟರಲ್ಲಿ ಆಕೆ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಿದ್ದರು. ಅರ್ಪಿತ ನೋಡಲು ಹೋದಾಗ ಚಿನ್ನಪ್ಪ ಒಂದು ಚೀಟಿ ಬರೆದು ಕೊಟ್ಟರು: ನಿನ್ನಿಂದ ಆಗದಿದ್ದರೆ ಆಗಲ್ಲ ಅಂತ ಹೇಳಿಬಿಡು ಮಗಳೇ, ನಾನು ಬೇಜಾರು ಮಾಡಿಕೊಳ್ಳಲ್ಲ. ಅದನ್ನು ಓದಿ ಅವಳಿಗೆ ಮುಖ ಎತ್ತಲಾಗಲಿಲ್ಲ.

ಭಾನುವಾರ ಸಂಜೆ ನಾಲ್ಕಕ್ಕೆ ಗಂಡ ಹೆಂಡತಿ ಇಬ್ಬರನ್ನೂ ಕರೆದುಕೊಂಡು ಮೀನಾಕ್ಷಮ್ಮನ ಮೇಜಿನ ಮುಂದೆ ಕೂತಳು.

"ಯಾವಾಗ್ಲೂ ಬೆಳಿಗ್ಗೇನೇನಾ?" ಮೀನಾಕ್ಷಮ್ಮ ಕೇಳಿದರು.

"ಹೂಂ ಆಂಟಿ."

"ನೀನು ಟೆಸ್ಟ್ ಮಾಡಿದ್ದು ಎಷ್ಟೊತ್ತಿಗೆ?"

"ಆಫೀಸಲ್ಲಿ, ಮಧ್ಯಾಹ್ನ ಊಟ ಆದ್ಮೇಲೆ." ಹೇಳುತ್ತಿದ್ದಂತೆಯೇ ಅರ್ಪಿತಳಿಗೆ ನಾಚಿಕೆಯಾಯಿತು. ಎಸಿ ಕೋಣೆಯ ಒಣ ಗಾಳಿಯಲ್ಲಿ ಕೂತು ಬೆಳಗಿನ ಕಾಯಿಲೆ ಹುಡುಕಿದ್ದಳು.

"ತಿಮ್ಮಕ್ಕ, ರಾತ್ರಿ ಇದು ಎಲ್ಲಿರುತ್ತೆ?"

"ಕಿಟಕಿ ಮೇಲಮ್ಮ. ಕಿಟಕಿ ತೆಗ್ದೇ ಇರುತ್ತೆ, ಇವರಿಗೆ ಗಾಳಿ ಬೇಕು."

"ಅಲ್ಲಿ ಯಾವಾಗಿಂದ ಇಡ್ತಿದೀರಿ?"

"ಮೊದ್ಲಿಂದಾನೂ ಅಲ್ಲೇ."

ಹಾಗಾದರೆ ಇಬ್ಬನಿ ಗಾಳಿ ಒಂದೇ ಕಾರಣವಲ್ಲ ಎಂದು ಮೀನಾಕ್ಷಮ್ಮ ತಮಗೆ ತಾವೇ ಹೇಳಿಕೊಂಡು ಮೆಷಿನ್ ಬಿಚ್ಚಿದರು. ಭೂತಕನ್ನಡಿ ಹಿಡಿದು ನೋಡಿದರು, ಮೂಗಿನ ಹತ್ತಿರ ತಂದು ಮೂಸಿದರು. ಅರ್ಪಿತ ತಾನು ತಂದಿದ್ದ ಆಸಿಲೋಸ್ಕೋಪ್ ಜೋಡಿಸಿದಳು. ಗೆರೆ ಎಂದಿನಂತೆ ನೆಟ್ಟಗಿತ್ತು. ಆಗ ಮೀನಾಕ್ಷಮ್ಮ ಡ್ರಾಯರಿನಿಂದ ಎಳನೀರಿನ ಸ್ಟ್ರಾ ಒಂದನ್ನು ತೆಗೆದು ಬಾಯಿಗಿಟ್ಟುಕೊಂಡು, ಅದರ ಇನ್ನೊಂದು ತುದಿಯನ್ನು ಕಾಯಿಲ್ ಮೇಲೆ ಹಿಡಿದು, ಕನ್ನಡಕ ಒರೆಸುವ ಮುಂಚೆ ಬಿಡುತ್ತೇವಲ್ಲ, ಅಂಥ ಬೆಚ್ಚನೆಯ ಉಸಿರು ಬಿಟ್ಟರು. ಏನೂ ಆಗಲಿಲ್ಲ. ಚಿಪ್ ಮೇಲೆ ಬಿಟ್ಟರು. ಗೆರೆ ಅಲುಗಲಿಲ್ಲ. ಬಿಂದಿಗಿಂತಲೂ ಚಿಕ್ಕವಾದ ಎರಡು ರೆಸಿಸ್ಟರುಗಳ ಮೇಲೆ ಬಿಟ್ಟರು.

ಕೀಂಯ್.

ಪರದೆಯ ಮೇಲಿನ ನೆಟ್ಟನೆ ಗೆರೆ ಕುದಿಯುವ ಹಾಲಿನ ಹಾಗೆ ಉಕ್ಕಿ ಬಿದ್ದು ಉಕ್ಕಿತು. ಕೆಲವು ಸೆಕೆಂಡಿನಲ್ಲಿ ತೇವ ಆರಿತು, ಗೆರೆ ಮತ್ತೆ ಮಲಗಿತು. ಮತ್ತೊಮ್ಮೆ ಉಸಿರು ಬಿಟ್ಟರು, ಮತ್ತೆ ಕೀಂಯ್. ಮೂರು ವಾರ ಲಕ್ಷಗಟ್ಟಲೆ ಬೆಲೆಯ ಉಪಕರಣಗಳಿಗೆ ಸಿಕ್ಕದ ಬೆಳಗಿನ ಜಾವವನ್ನು ಈ ಹೆಂಗಸು ಒಂದು ಸ್ಟ್ರಾದಲ್ಲಿ ತಂದು ಮೇಜಿನ ಮೇಲಿಟ್ಟಿದ್ದರು.

ಆದರೂ ಎಂ.ಟೆಕ್. ಸುಮ್ಮನಿರುತ್ತದೆಯೇ. "ಆಂಟಿ, ಯಾವ ಬೋರ್ಡಿನ ಮೇಲೆ ಅಲ್ಲಿ ಉಸಿರು ಬಿಟ್ರೂ ಹಂಗೇ ಆಗಬಹುದು."

"ಸರಿಯಾಗಿ ಕೇಳ್ದೆ. ಇಂಥದೇ ಇನ್ನೊಂದು ಇದ್ರೆ ತಗೊಂಬಾ."

ಅರ್ಪಿತ ಮಹಡಿಯಿಂದ, ಜುಲೈಯಲ್ಲಿ ಮಾಡಿದ್ದರಲ್ಲಿ ಉಳಿದಿದ್ದ ಇನ್ನೊಂದು ಬೋರ್ಡ್ ತಂದಳು. ಅದರ ಮೇಲೆ ಐದು ಸಲ ಉಸಿರು ಬಿಟ್ಟರೂ ಗೆರೆ ಜಪ್ಪಯ್ಯ ಎನ್ನಲಿಲ್ಲ.

ಈ ಎರಡು ರೆಸಿಸ್ಟರುಗಳ ಕೆಲಸ ಈಗ ಎಷ್ಟು ವೋಲ್ಟ್ ಇದೆ ಎಂದು ಚಿಪ್ಪಿಗೆ ವರದಿ ಒಪ್ಪಿಸುವುದು. ಬ್ಯಾಟರಿ ಉಳಿಯಲೆಂದು ಅರ್ಪಿತ ಅವುಗಳಲ್ಲಿ ಅತಿ ಕಡಿಮೆ ಕರೆಂಟ್ ಹರಿಯುವಂತೆ ಮಾಡಿದ್ದಳು. ಅಷ್ಟು ಸಣ್ಣ ಪಿಸುಮಾತಿನ ನಡುವೆ ತೇವದ ಜಿಡ್ಡೊಂದು ಸೇರಿದರೆ ವರದಿ ಸುಳ್ಳಾಗುತ್ತದೆ. ಚಿಪ್ ಪಾಪ, ಆ ಸುಳ್ಳನ್ನೇ ನಂಬಿ ಹೆಚ್ಚು ಮಾಡಿ, ಕಮ್ಮಿ ಮಾಡಿ, ಒದ್ದಾಡುತ್ತದೆ. ಚಿಪ್ಪನ್ನೇ ಬದಲಿಸಿದ್ದ ಅರ್ಪಿತ ಆ ಎರಡು ಕಾಳುಗಳನ್ನು ಮುಟ್ಟಿರಲಿಲ್ಲ.

ಮೀನಾಕ್ಷಮ್ಮ ಅವನ್ನು ಬಿಸಿಮಾಡಿ ಎತ್ತಿದರು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಆ ಜಾಗ ಒರೆಸಿ, ಹತ್ತಿಯನ್ನು ಬೆಳಕಿಗೆ ಹಿಡಿದರು. ಕೆಂಪು ಬೋರ್ಡಿನ ಮೇಲೆ ಕಾಣದೆ ಕೂತಿದ್ದದ್ದು ಬಿಳಿ ಹತ್ತಿಯ ಮೇಲೆ ತೆಳುವಾಗಿ, ಗುಲಾಬಿಯಾಗಿ ಕಂಡಿತು.

ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು. ಕಾರ್ಖಾನೆಯಲ್ಲಿ ಪ್ರತಿವರ್ಷ ಆಯುಧ ಪೂಜೆಯ ಮರುವಾರ ಅವರ ಮೇಜಿನ ಮೇಲೆ ಇಂಥ ಬೋರ್ಡುಗಳ ರಾಶಿ ಬೀಳುತ್ತಿತ್ತು. ಜನ ಭಕ್ತಿಯಿಂದ ನೀರಲ್ಲಿ ಕಲಸಿದ ಕುಂಕುಮ ಇಟ್ಟುಬಿಡುತ್ತಿದ್ದರು. ಮೇಲಿನದು ಒರೆಸಿದರೂ ಸಂದಿಗೆ ಇಳಿದದ್ದು ಹೋಗದು. ಕುಂಕುಮದೊಳಗಿನ ಅರಿಶಿನ, ಸುಣ್ಣ, ಉಪ್ಪು ಎಲ್ಲ ಅಲ್ಲೇ ಕೂತು ಇಬ್ಬನಿ ಬಿದ್ದಾಗ ಎಚ್ಚರಾಗುತ್ತದೆ. ಅವರು ಬಾಯಿ ತೆರೆದವರು ತಿಮ್ಮಕ್ಕನ ಕಡೆ ನೋಡಿ ಸುಮ್ಮನಾದರು. ಚಿನ್ನಪ್ಪ ಹತ್ತಿಯನ್ನೇ ನೋಡುತ್ತಿದ್ದರು. ಆಮೇಲೆ ಹೆಂಡತಿಯ ಪಟ್ಟಿ ಕಟ್ಟಿದ ಕೈಯನ್ನು ನೋಡಿದರು.

"ಏನ್ ಸಿಕ್ತಮ್ಮ?" ತಿಮ್ಮಕ್ಕ ಕೇಳಿದರು.

"ತೇವ ತಿಮ್ಮಕ್ಕ," ಎಂದರು ಮೀನಾಕ್ಷಮ್ಮ. ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಜಾಗ ತೊಳೆದು, ಒಣಗಿಸಿ, ಹೊಸ ರೆಸಿಸ್ಟರ್ ಕೂರಿಸಿ, ಮೇಲೆ ವಾರ್ನಿಷ್ ಬಳಿದು ಆರಲು ಬಿಟ್ಟರು. ಆಮೇಲೆ ಹಬೆಯಾಡುವ ಕಾಫಿ ಲೋಟದ ಮೇಲೆ ಬೋರ್ಡನ್ನು ಹಿಡಿದರು. ಅರ್ಪಿತ ಪರದೆ ನೋಡಿದಳು. ಗೆರೆ ಅಲುಗಲಿಲ್ಲ. ಅವಳಿಗೆ ಎದ್ದು ಆ ಸಾಲ್ಡರ್ ವಾಸನೆಯ ಕೈಗಳನ್ನು ಕಣ್ಣಿಗೊತ್ತಿಕೊಳ್ಳಬೇಕೆನಿಸಿತು.

ಮೆಷಿನ್ ಮುಚ್ಚಿ ಚಿನ್ನಪ್ಪನ ಕೈಗಿತ್ತರು. ಅವರು ಅದನ್ನು ಗಂಟಲಿಗೆ ಒತ್ತುವ ಮೊದಲೇ ತಿಮ್ಮಕ್ಕ ಮಾತಾಡಿದರು.

"ಹಬ್ಬ ಆದ್ಮೇಲೇನೇ ಇದು ಶುರುವಾಗಿದ್ದು. ಹಬ್ಬದ ಕುಂಕುಮ ಅಲ್ವಾ? ಮನೇಲಿರೋ ಆಯುಧ ಅಂದ್ರೆ ಅದೊಂದೇ ಅಂತ ತಡಕಾಡ್ಕೊಂಡು ನಾನೇ ಇಟ್ಟಿದ್ದು. ಚಾರ್ಜ್ ಮಾಡೋ ತೂತು ಅಲ್ಲಿರೋದು ಗೊತ್ತಾಗ್ಲಿಲ್ಲ." ಆಕೆ ಗಂಡನ ಕಡೆ ತಿರುಗಿದರು. "ನಿಮ್ ಮಾತು ನಾನೇ ಕಳೆದ್ನಾ?"

ಚಿನ್ನಪ್ಪ ಗುಂಡಿ ಒತ್ತಿದರು. ಮೂರು ವಾರದ ಕಿರುಚಿಲ್ಲ, ಒಡಕಿಲ್ಲ.

"ಅಲ್ಲ ಕಣೆ. ಕಾಫಿ ಚೆಲ್ಲಿತ್ತು. ನಾನೇ ಚೆಲ್ದೆ."

ತಿಮ್ಮಕ್ಕ ತಲೆ ಓರೆ ಮಾಡಿ ಕಿವಿಗೊಟ್ಟಿದ್ದರು. "ಮೂವತ್ತೆಂಟು ವರ್ಷ ಆಯ್ತು," ಎಂದರು. "ಇನ್ನೂ ಸುಳ್ಳು ಹೇಳೋದು ಕಲೀಲಿಲ್ಲ ನೀವು."

ಅರ್ಪಿತ ಬೆರಗಾದಳು. ಆ ಮೆಷಿನ್ನಿನಿಂದ ಹೊರಡುವುದು ಒಂದೇ ಸ್ವರ, ಕೂದಲೆಳೆಯಷ್ಟೂ ಏರಿಳಿತವಿಲ್ಲ. ಅವಳೇ ಅಳೆದು ನೋಡಿದ್ದಳು. ಸುಳ್ಳು ಅದರಲ್ಲಿ ಎಲ್ಲಿ ಕೇಳಿಸಿತು? ಮೀನಾಕ್ಷಮ್ಮನ ಕಡೆ ತಿರುಗಿದಳು. ಯಾವ ಬೋರ್ಡಿನ ಗುಟ್ಟನ್ನೂ ಬಿಡದ ಆ ಹೆಂಗಸು ಕನ್ನಡಕ ತೆಗೆದು, ಇದು ತಮಗೂ ಗೊತ್ತಿಲ್ಲ ಎಂಬಂತೆ ತಲೆಯಾಡಿಸಿದರು.

ತಿಮ್ಮಕ್ಕ ಬಲಗೈ ಚಾಚಿ, ತಡಕಿ, ಗಂಡನ ತೋಳು ಹಿಡಿದುಕೊಂಡರು.

"ಇರ್ಲಿ," ಎಂದರು. "ಇನ್ನೊಂದ್ಸಲ ಹೇಳಿ."

"ಕಾಫಿ ಚೆಲ್ಲಿತ್ತು," ಎಂದರು ಚಿನ್ನಪ್ಪ.