ಬೆನ್ನಿನ ಮಣ್ಣು

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಏನೆಂದು ನಮ್ಮ ಓಣಿಯಲ್ಲಿ ಯಾರಿಗೂ ತಿಳಿಸಿ ಹೇಳಲು ಇದುವರೆಗೆ ನನ್ನಿಂದ ಆಗಿಲ್ಲ. ಅಮೆರಿಕದವರು ಆಡುವ ಫುಟ್‌ಬಾಲಿನ ವಿಡಿಯೊ ನೋಡಿ ಆಟಗಾರರಿಗೆ ಅಂಕ ಹಾಕುತ್ತೇನೆ ಎಂದರೆ ಬೆಳಗಾವಿಯ ನಮ್ಮ ಮಹಾಂತೇಶ ನಗರದ ಹೆಂಗಸರು ಮೊದಲು ನಗುತ್ತಾರೆ. ಆಮೇಲೆ, "ಕುಂತ ಟಿವಿ ನೋಡಿದ್ರ ಪಗಾರ ಕೊಡ್ತಾರೇನ್ರಿ? ನಮಗೂ ಒಂದ ಕೊಡಸ್ರಿ" ಎನ್ನುತ್ತಾರೆ. ಅವರನ್ನು ದೂರಿ ಫಲವಿಲ್ಲ. ಇಡೀ ಆಟದಲ್ಲಿ ಚೆಂಡನ್ನು ಕಾಲಿನಿಂದ ಒದೆಯುವುದೇ ಅಪರೂಪ, ಅಂಥದ್ದಕ್ಕೆ ಫುಟ್‌ಬಾಲ್ ಎಂದು ಹೆಸರಿಟ್ಟವರನ್ನು ಕೇಳಬೇಕು.

ಆ ಆಟದಲ್ಲಿ ಚೆಂಡು ಎಸೆಯುವವನು ಒಬ್ಬ. ಅವನ ಮುಂದೆ ಐದು ಜನ ದಾಂಡಿಗರು ಸಾಲಾಗಿ ಬಗ್ಗಿ ನಿಲ್ಲುತ್ತಾರೆ. ಎದುರಿನವರು ನುಗ್ಗಿ ಬಂದು ಚೆಂಡಿನವನನ್ನು ಕೆಡವದಂತೆ ತಡೆಯುವುದು ಇವರ ಕೆಲಸ. ಗೋಲಿಲ್ಲ, ಓಟವಿಲ್ಲ, ಜೈಕಾರವಿಲ್ಲ. ಇವರಿಗೆ ಲೈನ್‌ಮನ್ ಎನ್ನುತ್ತಾರೆ. ನಮ್ಮಲ್ಲಿ ಲೈನ್‌ಮನ್ ಎಂದರೆ ಕಂಬ ಹತ್ತಿ ಕರೆಂಟು ಸರಿಮಾಡುವವನು. ಇಬ್ಬರನ್ನೂ ಜನ ನೆನೆಯುವುದು ಏನಾದರೂ ಕೆಟ್ಟಾಗ ಮಾತ್ರ.

ನನ್ನ ಪಾಲಿಗೆ ಆ ವರ್ಷ ಬಂದದ್ದು ಒಂದು ತಂಡದ ಎಡತುದಿಯ ಲೈನ್‌ಮನ್. ಹೊಸ ಹುಡುಗ, ಕಾಲೇಜು ಮುಗಿಸಿ ನೇರ ಬಂದವನು. ಎಡತುದಿ ಎಂದರೆ ಚೆಂಡು ಎಸೆಯುವವನ ಕಣ್ಣಿಗೆ ಬೀಳದ ಬದಿ. ಅಲ್ಲಿ ತಪ್ಪಿದರೆ ಹಿಂದಿದ್ದವನಿಗೆ ಪೆಟ್ಟು ಬೀಳುವುದು ಗೊತ್ತೂ ಆಗುವುದಿಲ್ಲ. ಹುಡುಗ ಆ ಜಾಗದಲ್ಲಿ ಉಳಿಯುತ್ತಾನೋ ಇಲ್ಲವೋ ಎನ್ನುವುದು ಆ ಹಂಗಾಮಿನಲ್ಲೇ ತೀರ್ಮಾನವಾಗುವುದಿತ್ತು. ಚೆಂಡು ಎತ್ತಿದ ಒಂದೊಂದು ಸಲಕ್ಕೂ ನಾನು ಅವನಿಗೆ ಪ್ಲಸ್, ಸೊನ್ನೆ ಅಥವಾ ಮೈನಸ್ ಹಾಕಬೇಕು, ಆ ಅಂಕ ನಮ್ಮ ಕಚೇರಿಯಿಂದ ಅಲ್ಲಿನ ತಂಡಗಳಿಗೆ ಹೋಗುತ್ತಿತ್ತು. ಅವರ ಭಾನುವಾರದ ಆಟದ ವಿಡಿಯೊ ನಮಗೆ ಸೋಮವಾರ ಮಧ್ಯಾಹ್ನ ಬರುತ್ತಿತ್ತು. ಅದರಲ್ಲಿ ದನಿ ಇರುವುದಿಲ್ಲ. ಒಂದೊಂದು ತುಣುಕೂ ಚೆಂಡು ಎತ್ತಿದ ಕೂಡಲೇ ಶುರು, ಸೀಟಿ ಊದಿದ ಕೂಡಲೇ ಬಂದ್. ಬಿದ್ದವನನ್ನು ಯಾರು ಎಬ್ಬಿಸಿದರು, ಯಾರು ಬೈದರು, ಅದೆಲ್ಲ ನಮಗೆ ಕಾಣಿಸುವುದಿಲ್ಲ.

ಈ ಕೆಲಸ ನನಗೆ ಸಿಕ್ಕಿದ್ದೇ ಕುಸ್ತಿಯಿಂದ. ನನ್ನ ಅಪ್ಪ ಖಾನಾಪುರದ ಹತ್ತಿರದ ನಮ್ಮೂರಿನ ಗರಡಿಯಲ್ಲಿ ವಸ್ತಾದ, ಅಂದರೆ ಹುಡುಗರಿಗೆ ಕುಸ್ತಿ ಕಲಿಸುವವನು. ಹೆಣ್ಣುಮಕ್ಕಳು ಗರಡಿಯೊಳಗೆ ಕಾಲಿಡುವಂತಿರಲಿಲ್ಲ. ನಾನು ಹಿಂಗೋಡೆಯ ಕಿಂಡಿಯಿಂದ ನೋಡುತ್ತ ಬೆಳೆದೆ. ಯಾರ ಪಾದ ಎಲ್ಲಿ ಊರಿದೆ, ಸೊಂಟ ಎಷ್ಟು ಇಳಿದಿದೆ, ಕೈ ಮೊದಲು ಯಾರದು ತಾಗಿತು ಎಂದು ಹೇಳಲು ನನಗೆ ಯಾವ ತರಬೇತಿಯೂ ಬೇಕಾಗಲಿಲ್ಲ. ಸಂದರ್ಶನದಲ್ಲಿ ಇದನ್ನೇ ಜಂಬದಿಂದ ಹೇಳಿಕೊಂಡೆ, ತೆಗೆದುಕೊಂಡರು.

ಜಂಬ ಮೊದಲ ವಾರದಲ್ಲೇ ಇಳಿಯಿತು. ನನ್ನ ಅಂಕಗಳನ್ನು ಮತ್ತೊಮ್ಮೆ ನೋಡುವ ಮೇಲಿನವಳು ವಡಗಾವಿಯ ಹೆಂಗಸು, ಮನೆಯಲ್ಲಿ ಉರ್ದು, ಕಚೇರಿಯಲ್ಲಿ ನಮ್ಮಂತೆಯೇ ಕನ್ನಡ. ಅವಳು ನನ್ನ ಪರದೆಯನ್ನು ನೋಡಿ, "ಇಲ್ಲಿ ಪ್ಲಸ್ ಯಾಕ ಕೊಟ್ಟೀರಿ?" ಎಂದಳು.

"ಗಟ್ಟಿ ನಿಂತಾನಲ್ರಿ. ಒಂದ ಸರ್ತಿನೂ ಬಿದ್ದಿಲ್ಲ."

"ಅಂವ ನಿಂತಾನ. ಎದುರಿನಾಂವ ಬಾಜುದಿಂದ ಹಾದು ಹೋಗಿ ಚೆಂಡಿನವನ್ನ ಕೆಡವ್ಯಾನ. ಜಟ್ಟಿ ಬಿದ್ರೂ ಮೀಸಿ ಮಣ್ಣಾಗಲಿಲ್ಲ ಅಂದಂಗಾತ್ರೀ ನಿಮ್ಮ ಲೆಕ್ಕ." ನಗುತ್ತಲೇ ಹೇಳಿದಳು, ಆದರೆ ನನಗೆ ಮುಖ ಎತ್ತಲಾಗಲಿಲ್ಲ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲು, ತಾಗದಿದ್ದರೆ ಇನ್ನೂ ಆಟ ಇದೆ. ನನಗೆ ಗೊತ್ತಿದ್ದ ನ್ಯಾಯ ಅದೊಂದೇ. ಈ ಆಟದಲ್ಲಿ ನಿಂತವನ ಬೆನ್ನನ್ನು ಯಾರೂ ನೋಡುವುದಿಲ್ಲ, ಬೆನ್ನ ಹಿಂದೆ ಇರುವವನನ್ನು ನೋಡುತ್ತಾರೆ. ಅದು ತಲೆಗೆ ಇಳಿದ ಮೇಲೆ ಕೆಲಸ ಸಲೀಸಾಯಿತು.

ಆ ಹಂಗಾಮಿನಲ್ಲೇ ಅಪ್ಪನ ಮೊಣಕಾಲಿನ ಆಪರೇಷನ್ ಆಯಿತು. ಕಾಲಿನ ವ್ಯಾಯಾಮ ಮಾಡಿಸುವವರು ಬೆಳಗಾವಿಯಲ್ಲೇ ಇರಬೇಕೆಂದರು, ನಮ್ಮ ಮನೆಗೆ ಕರೆತಂದೆ. ಖಾನಾಪುರದಿಂದ ಬರುವಾಗ ಪೀರನವಾಡಿ ದಾಟಿಯೇ ಊರೊಳಗೆ ಬರಬೇಕು. ಅಲ್ಲಿ ರಸ್ತೆಯ ಬದಿಗೆ ನನ್ನ ಅಣ್ಣನ ವೆಲ್ಡಿಂಗ್ ಅಂಗಡಿ ಇದೆ. ಅಂಗಡಿ ಹತ್ತಿರ ಬರುತ್ತಿದ್ದಂತೆ ಅಪ್ಪ ಕಾರಿನ ಇನ್ನೊಂದು ಕಿಟಕಿಯ ಕಡೆ ತಿರುಗಿ ಖಾಲಿ ಹೊಲ ನೋಡತೊಡಗಿದ. ಎಷ್ಟೋ ವರ್ಷಗಳಿಂದ ಹೀಗೇ. ಬಸ್ಸಿನಲ್ಲಿ ಬಂದರೂ ಬಲಗಡೆಯ ಸೀಟೇ ಹುಡುಕುತ್ತಿದ್ದ, ಹೋಗುವಾಗ ಎಡಗಡೆಯದು. ಅಪ್ಪ ಮಗನ ನಡುವೆ ಮಾತಿಲ್ಲ.

ನಾನು ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ಪರದೆಯನ್ನು ಯಾರಿಗೂ ತೋರಿಸಬಾರದೆಂದು ಕಚೇರಿಯ ನಿಯಮವಿದೆ. ಆದರೆ ಕಾಲು ನೀಡಿ ಕುಳಿತ ಮುದುಕನನ್ನು ಎಬ್ಬಿಸಿ ಹೊರಗೆ ಕಳಿಸುವ ನಿಯಮ ನನಗೆ ಗೊತ್ತಿಲ್ಲ. ಅಪ್ಪ ಎರಡು ದಿನ ಓರೆಗಣ್ಣಲ್ಲಿ ನೋಡಿದ. ಮೂರನೆಯ ದಿನ ಕುರ್ಚಿ ಎಳೆದುಕೊಂಡು ಹತ್ತಿರ ಬಂದ.

"ಈ ಹುಡುಗಂದು ಮಣಿಕಟ್ಟ ನೋಡು. ಎಮ್ಮಿ ಹಾಲ ಕುಡದ ಬೆಳದಾಂವ."

ಆವತ್ತು ಹುಡುಗ ಎದುರಿನವನನ್ನು ಎದೆಗೆ ಎದೆ ಕೊಟ್ಟು ಮೈದಾನದ ಅಂಚಿನವರೆಗೆ ತಳ್ಳಿಕೊಂಡು ಹೋಗಿದ್ದ. ಅಪ್ಪ ತೊಡೆ ತಟ್ಟಿದ, ಹೊಲಿಗೆ ಹಾಕಿದ ಮೊಣಕಾಲು ನೊಂದು ಹಲ್ಲು ಕಚ್ಚಿದ, ಆದರೂ ಮುಖ ಅರಳಿತ್ತು. "ಇಂವ ಉಳೀತಾನ. ನನ್ನ ಮಾತ ಬರದ ಇಟ್ಕೊ."

ನನಗೆ ಸಿಟ್ಟೂ ಬಂತು, ಹೊಟ್ಟೆಕಿಚ್ಚೂ ಆಯಿತು. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನಮ್ಮ ಮನೆಯಲ್ಲಿ ಆ ಗಾದೆ ಎಂದೂ ಹೊಸಿಲು ದಾಟಿ ಒಳಗೆ ಬರಲಿಲ್ಲ. ಅಣ್ಣ ಎಷ್ಟು ಕುಸ್ತಿ ಗೆದ್ದು ಬಂದರೂ ಅಪ್ಪನ ಬಾಯಿಂದ ಒಂದು ಒಳ್ಳೆಯ ಮಾತು ಬಿದ್ದದ್ದನ್ನು ನಾನು ಕೇಳಿಲ್ಲ. ಈಗ ಹೆಸರು ಗೊತ್ತಿಲ್ಲದ, ಭಾಷೆ ತಿಳಿಯದ, ಹೆಲ್ಮೆಟ್ಟಿನೊಳಗೆ ಮುಖವೂ ಕಾಣದ ಒಬ್ಬನಿಗೆ ತೊಡೆ ತಟ್ಟುತ್ತಿದ್ದಾನೆ.

ಅಪ್ಪನ ಗರಡಿಯಲ್ಲಿ ಹೊಗಳಿಕೆಯ ಬದಲು ಇನ್ನೊಂದು ಪದ್ಧತಿ ಇತ್ತು. ಕುಸ್ತಿ ಮುಗಿಸಿ ಬಂದ ಹುಡುಗ ಗೆದ್ದಿರಲಿ, ಸೋತಿರಲಿ, ವಸ್ತಾದನ ಮುಂದೆ ಬೆನ್ನು ತಿರುಗಿಸಿ ನಿಲ್ಲಬೇಕು. ವಸ್ತಾದ ತನ್ನ ಬರಿಗೈಯಿಂದ ಅವನ ಬೆನ್ನಿನ ಮಣ್ಣು ಒರೆಸಬೇಕು. ಬೇರೆ ಯಾರೂ ಆ ಮಣ್ಣು ಮುಟ್ಟುವಂತಿಲ್ಲ. ಒರೆಸಿದರೆ ಲೆಕ್ಕ ಚುಕ್ತಾ, ಮರುದಿನ ಹೊಸ ಆಟ. ಸೋತ ಹುಡುಗರು ಅಳುತ್ತ ಬಂದು ಅಪ್ಪನ ಕೈ ಬೆನ್ನಿಗೆ ತಾಗಿದೊಡನೆ ಸುಮ್ಮನಾಗುವುದನ್ನು ಕಿಂಡಿಯಿಂದ ಎಷ್ಟೋ ಸಲ ನೋಡಿದ್ದೇನೆ.

ಅಣ್ಣನ ಕಡೆಯ ಕುಸ್ತಿ ಪಕ್ಕದ ಊರಿನ ಮೈದಾನದಲ್ಲಿ. ಆವತ್ತು ಬೆಳಿಗ್ಗೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಪ್ಪಾ, ಬಲಭುಜ ಎತ್ತಾಕ ಬರವಲ್ದು" ಎಂದಿದ್ದ. "ಮಾತ ಕೊಟ್ಟಾಗೇತಿ, ನಡಿ" ಎಂದ ಅಪ್ಪ. ಎದುರಾಳಿ ಇವನಿಗಿಂತ ಒಂದೂವರೆ ಪಟ್ಟು ಇದ್ದ. ಅಣ್ಣನ ಭುಜ ಜಾರಿತು, ಬೆನ್ನು ನೆಲ ಕಂಡಿತು. ಭುಜ ಹಿಡಿದುಕೊಂಡೇ ಅಪ್ಪನ ಮುಂದೆ ಬಂದು ಬೆನ್ನು ತಿರುಗಿಸಿ ನಿಂತನಂತೆ. ಅಪ್ಪ ಹೆಗಲ ಮೇಲಿನ ಟವೆಲ್ ಕೊಡವಿ ನಡೆದುಬಿಟ್ಟ. ಇಡೀ ಮೈದಾನ ನೋಡುತ್ತಿತ್ತು.

ಅಣ್ಣ ಟೆಂಪೊದಲ್ಲಿ ಮನೆಗೆ ಬಂದ. ತೋಳು ಅಂಗಿಯೊಳಗೆ ಹೋಗದೆ ಬರಿಮೈಯಲ್ಲೇ ಇದ್ದ. ಬೆನ್ನಿನ ಮೇಲೆ ಕೆಂಪು ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ನಾನು ಒದ್ದೆ ಬಟ್ಟೆ ತಂದರೆ, "ನೀ ಮುಟ್ಟಬ್ಯಾಡ" ಎಂದ. ಮರುದಿನ ಬೆಳಿಗ್ಗೆ ಹಾಸಿಗೆಯ ಮೇಲೆ ಒಂದಿಷ್ಟು ಮಣ್ಣಿನ ಪುಡಿ ಇತ್ತು, ಅಣ್ಣ ಇರಲಿಲ್ಲ. ಆಮೇಲೆ ಅವನು ನಮ್ಮೂರಿಗೆ ಬಂದದ್ದು ಅವ್ವನ ಮಣ್ಣಿಗೆ ಮಾತ್ರ, ಆಗಲೂ ಅಪ್ಪನಿಂದ ದೂರ ನಿಂತಿದ್ದ.

ಹೀಗಿರುವಾಗ ಅಪ್ಪ ಆ ಅಮೆರಿಕದ ಹುಡುಗನನ್ನು ಹಿಡಿದುಕೊಂಡಿದ್ದು ಸುಮ್ಮನೆ ಅಲ್ಲ ಎಂದು ನನಗೆ ತಿಳಿಯಿತು. ತಾನು ಆರಿಸಿದ ಒಬ್ಬನಾದರೂ ಉಳಿಯಬೇಕಾಗಿತ್ತು ಅವನಿಗೆ. ಸೋಮವಾರ ಬಂದರೆ ಗಡ್ಡ ಬೋಳಿಸಿಕೊಂಡು ಕಾಯುತ್ತಿದ್ದ.

ಹುಡುಗ ಉಳಿಯುವ ಲಕ್ಷಣ ಇರಲಿಲ್ಲ. ಮುಂದೆ ನುಗ್ಗುವಾಗ ಹುಲಿ, ಅದು ಖರೆ. ಆದರೆ ಚೆಂಡು ಎಸೆಯುವ ಹೊತ್ತಿಗೆ ಈ ಜಾಗದವನು ಹಿಂದೆ ಹಿಂದೆ ಸರಿಯುತ್ತ, ಎದುರಿನವನನ್ನು ಹೊರಗಿನಿಂದ ಸುತ್ತು ಹಾಕುವಂತೆ ಮಾಡಬೇಕು. ಅಲ್ಲಿ ಅವನ ಪಾದ ತಡವಾಗುತ್ತಿತ್ತು. ತಡವಾಯಿತೆಂದು ಗಾಬರಿಯಾಗಿ ಮುಂದೆ ಬಾಗಿ ಹಿಡಿಯಲು ಹೋಗುತ್ತಿದ್ದ. ಬಾಗಿದವನ ಬಗಲಿನಿಂದ ಎದುರಿನವನು ನೀರಿನಂತೆ ಜಾರಿ ಹೋಗುತ್ತಿದ್ದ. ನಾನು ಮೈನಸ್ ಒತ್ತುತ್ತಿದ್ದೆ.

"ಯಾಕ ಹಿಂದ ಸರೀತಾನ ಇಂವ? ಹೆದರ್ಯಾನೇನು?" ಎಂದು ಅಪ್ಪ ರೇಗುತ್ತಿದ್ದ.

"ಸರೀಬೇಕಪ್ಪಾ. ಅದ ಅವನ ಕೆಲಸ."

"ಹಿಂದ ಸರಿಯೂದು ಎಂಥಾ ಕೆಲಸ? ಮುಂದ ನಡಿ ಅಂತ ಹೇಳವರ ಯಾರೂ ಇಲ್ಲೇನು ಅಲ್ಲೆ?"

ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ ಎಷ್ಟು ಹೇಳಿದರೂ ಅಷ್ಟೇ. ಅಪ್ಪನ ಕಣ್ಣಲ್ಲಿ ಹುಡುಗ ಸೋತಿರಲೇ ಇಲ್ಲ, ಯಾಕೆಂದರೆ ಅವನು ಒಮ್ಮೆಯೂ ಬಿದ್ದಿರಲಿಲ್ಲ.

ಚಳಿ ಶುರುವಾದ ಒಂದು ಸೋಮವಾರ. ಮಧ್ಯಾಹ್ನವೇ ಮೋಡ ಕವಿದು ಕೋಣೆಯಲ್ಲಿ ದೀಪ ಹಾಕಿಕೊಂಡಿದ್ದೆವು. ಪರದೆಯ ಮೇಲೆ ಹುಡುಗ ಮತ್ತೆ ಬಾಗಿದ, ಎದುರಿನವನು ಒಳಗಿನಿಂದ ನುಸುಳಿದ, ಚೆಂಡು ಎಸೆಯುವವನ ಬೆನ್ನಿಗೆ ಬಂದು ಗುದ್ದಿದ. ಎಸೆಯುವವನ ಕಾಲು ಅಡಿಯಲ್ಲಿ ಮಡಚಿಕೊಂಡಿತು. ಹುಡುಗ ಮಾತ್ರ ನೆಟ್ಟಗೆ ನಿಂತಿದ್ದ. ವಿಡಿಯೊ ನಿಂತಿತು.

"ನೋಡು, ಇನ್ನೂ ನಿಂತಾನ" ಎಂದ ಅಪ್ಪ.

ನನ್ನ ತಾಳ್ಮೆ ಕೆಟ್ಟಿತು. "ಅಪ್ಪಾ, ಇವನ ಬೆನ್ನಿಗೆ ಮಣ್ಣ ಹತ್ತೇತೋ ಇಲ್ಲೋ ಅಂತ ಇಲ್ಲೆ ಯಾರೂ ಕೇಳೂದಿಲ್ಲ. ಇವನ ಹಿಂದ ಇದ್ದಂವ ಬಿದ್ದ. ಇವನ್ನ ನಂಬಿ ನಿಂತಂವ ಬಿದ್ದ. ಅದಕ್ಕ ಇದು ಮೈನಸ್."

ಅಪ್ಪ ಕುರ್ಚಿಯಿಂದ ಮುಂದೆ ಬಾಗಿ ಪರದೆಯಲ್ಲಿ ಬಿದ್ದವನನ್ನು ನೋಡಿದ. ಆಮೇಲೆ, "ಹಿಂದಿದ್ದಂವ ಬಿದ್ದಿದ್ದು ಇವಗ ಕಾಣ್ತೈತೇನು?" ಎಂದು ಕೇಳಿದ.

"ಇಲ್ಲ. ಇವನ ಬೆನ್ನ ಆ ಕಡಿ ಇರ್ತೈತಿ."

"ಸಪ್ಪಳ ಕೇಳತೈತಿ," ಎಂದ ಅಪ್ಪ. "ಎಷ್ಟ ಗದ್ದಲ ಇದ್ರೂ ಆ ಸಪ್ಪಳ ಕೇಳತೈತಿ."

ಹೇಳಿದ್ದು ಹೆಚ್ಚಾಯಿತೇನೋ ಎನಿಸಿ ಎದ್ದು ಚಹಾಕ್ಕೆ ಇಟ್ಟೆ. ಅಪ್ಪ ಆವತ್ತು ಚಹಾ ಕುಡಿಯಲಿಲ್ಲ.

ಮುಂದಿನ ಸೋಮವಾರದ ವಿಡಿಯೊದಲ್ಲಿ ಎಡತುದಿಗೆ ಬೇರೊಬ್ಬ ನಿಂತಿದ್ದ, ವಯಸ್ಸಾದವನು, ಹೊಟ್ಟೆ ಬಂದವನು, ಹಿಂದೆ ಸರಿಯಲು ನಾಚಿಕೆಪಡದವನು. ನಮ್ಮ ಹುಡುಗ ಒಂದೇ ಒಂದು ತುಣುಕಿನಲ್ಲಿ ಮೂಲೆಗೆ ಕಂಡ. ಆಟ ಅಂಚಿಗೆ ಹೋದಾಗ ಕ್ಯಾಮೆರಾ ಅವನ ಮೇಲೆ ಒಂದು ಕ್ಷಣ ಹಾಯಿತು. ಬೆಂಚಿನ ತುದಿಯಲ್ಲಿ ಹೆಲ್ಮೆಟ್ ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದ. ಆಗಲೇ ನಾವು ಅವನ ಮುಖ ನೋಡಿದ್ದು. ಚಿಕ್ಕ ಮುಖ, ಅಷ್ಟು ದೊಡ್ಡ ಮೈಗೆ ಒಪ್ಪದ ಮುಖ.

"ತಗದ್ರೇನು?"

"ತಗದ್ರು."

"ನೀ ಕೊಟ್ಟ ಮೈನಸ್‌ನಿಂದ?"

"ಬರೇ ನಂದಲ್ಲ. ಅವರೂ ನೋಡಿರ್ತಾರ. ಆದ್ರ ನಾನೂ ಕೊಟ್ಟೀನಿ."

ನನ್ನನ್ನು ಬೈಯುತ್ತಾನೆ ಎಂದುಕೊಂಡೆ. ಅಪ್ಪ, "ಖರೆ ಕೊಟ್ಟಿ" ಎಂದ. ಬೆಂಚಿನ ಮೇಲೆ ಕುಳಿತವನ ಕಡೆ ಬೆರಳು ಮಾಡಿ, "ಅವರ ವಸ್ತಾದ ಎಲ್ಲಿ ಅದಾನ? ಬೆನ್ನ ಮ್ಯಾಲ ಕೈ ಇಡಾಕ ಯಾರೂ ಬರಲಿಲ್ಲೇನು?" ಎಂದ.

"ಬಂದಿರಬಹುದು ಅಪ್ಪಾ. ಸೀಟಿ ಊದಿದ ಮ್ಯಾಲಿಂದು ನಮಗ ತೋರಸೂದಿಲ್ಲ."

"ಮುಂದಿಂದ ತೋರಸು."

"ಮುಂದ ಏನೂ ಇಲ್ಲ."

ಅಪ್ಪ ಆ ತುಣುಕನ್ನೇ ಮತ್ತೆ ಮತ್ತೆ ಹಾಕಿಸಿದ. ಹುಡುಗ ಕುಳಿತ, ವಿಡಿಯೊ ನಿಂತಿತು. ಹುಡುಗ ಕುಳಿತ, ವಿಡಿಯೊ ನಿಂತಿತು. ಕೊನೆಗೆ ನಾನೇ ಪರದೆ ಮುಚ್ಚಿದೆ. ನನಗೆ ಅಳು ಬಂದಿತ್ತು, ಯಾರಿಗಾಗಿ ಎಂದು ಕೇಳಿದರೆ ಆ ಹುಡುಗ, ಅಣ್ಣ, ಅಪ್ಪ ಮೂವರ ಹೆಸರನ್ನೂ ಹೇಳಬೇಕಾಗುತ್ತಿತ್ತು.

"ನಾಳೆ ನನ್ನ ಊರಿಗೆ ಬಿಟ್ಟ ಬಾ" ಎಂದ ಅಪ್ಪ. ವ್ಯಾಯಾಮ ಇನ್ನೂ ಮುಗಿದಿಲ್ಲ ಎಂದರೆ ಕೇಳಲಿಲ್ಲ. ಮರುದಿನ ಬಾಡಿಗೆಯ ಕಾರು ಮಾಡಿದೆ. ಅಪ್ಪ ಹತ್ತುವಾಗಲೇ ಬಲಗಡೆಯ ಸೀಟಿಗೆ ಹೋಗಿ ಕುಳಿತ. ಪೀರನವಾಡಿಯ ಅಂಗಡಿ ಬೀಳುವುದು ಆ ಬದಿಗೆ. ಮರೆತನೇನೋ ಎಂದುಕೊಂಡೆ. ಅಂಗಡಿ ಹತ್ತಿರ ಬಂದಾಗ ಡ್ರೈವರನ ಭುಜ ಮುಟ್ಟಿ, "ನಿಂದರಸಪಾ" ಎಂದ.

ಅಣ್ಣ ನಮಗೆ ಬೆನ್ನು ಮಾಡಿ ಬಗ್ಗಿ ಕುಳಿತು ಒಂದು ಗೇಟು ಬೆಸೆಯುತ್ತಿದ್ದ. ಮುಖಕ್ಕೆ ಕಪ್ಪು ಮುಖವಾಡ, ಮೈಮೇಲೆ ಹರಿದ ಬನಿಯನ್. ಅಪ್ಪ ಕೋಲೂರಿಕೊಂಡು ರಸ್ತೆ ದಾಟಿದ. ನಾನು ಹಿಂದೆ ಹೋದೆ, ಆದರೆ ಕೈ ಹಿಡಿಯಲಿಲ್ಲ. ಅಪ್ಪ ಅವನ ಹಿಂದೆ ನಿಂತು ಕೋಲನ್ನು ಗೋಡೆಗೆ ಒರಗಿಸಿದ. ಕಷ್ಟಪಟ್ಟು ಬಗ್ಗಿದ. ಬರಿಗೈಯಿಂದ ಅಣ್ಣನ ಬೆನ್ನನ್ನು ಭುಜದಿಂದ ಸೊಂಟದವರೆಗೆ ಒರೆಸಿದ. ಮತ್ತೊಮ್ಮೆ ಒರೆಸಿದ.

ಕಿಡಿ ನಿಂತಿತು. ಅಣ್ಣ ಮುಖವಾಡ ಮೇಲೆತ್ತಲಿಲ್ಲ, ಹಿಂದೆ ತಿರುಗಲಿಲ್ಲ. ಆ ಕೈ ಯಾರದೆಂದು ಅವನಿಗೆ ಗೊತ್ತಾಗಿತ್ತು. ಎಡಗೈಯಿಂದ ಬಲಭುಜ ಹಿಡಿದುಕೊಂಡ.

"ಅದು ಆವತ್ತ ಒಣಗಿ ಉದುರಿ ಹೋಗೇತಿ" ಎಂದ ಅಣ್ಣ.

ಮತ್ತೆ ಕಿಡಿಗಳು ಹಾರತೊಡಗಿದವು. ಅಪ್ಪ ಸ್ವಲ್ಪ ಹೊತ್ತು ನಿಂತು ವಾಪಸು ಬಂದ, ಕೋಲು ಮರೆತು ಬಂದಿದ್ದ, ನಾನೇ ತಂದೆ. ಅವನ ಅಂಗೈ ಕಬ್ಬಿಣದ ಪುಡಿಯಿಂದ ಕಪ್ಪಾಗಿತ್ತು. ತೊಳೆದುಕೊಳ್ಳಲು ನೀರಿನ ಬಾಟಲಿ ಕೊಟ್ಟೆ, ಬೇಡವೆಂದ. ಖಾನಾಪುರ ಮುಟ್ಟುವವರೆಗೂ ಆ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡೇ ಕುಳಿತಿದ್ದ.