ಕವರಿನಡಿ ಜಾಗವಿಲ್ಲ

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ಗಡಿಬಿಡಿ ಮೇಸ್ತ್ರಿ ಎಂದೇ. ಕೂತಲ್ಲಿ ಕೂರುವ ಆಸಾಮಿಯಲ್ಲ. ಚಹಾದ ಲೋಟ ಹಿಡಿದುಕೊಂಡೇ ಗ್ಯಾರೇಜಿನ ಉದ್ದಗಲ ಅಳೆಯುತ್ತಿದ್ದ. ಆದರೆ ರೇಸ್ ಎಂಜಿನ್ನಿನ ಹೆಡ್ಡನ್ನು ಮುಂದಿಟ್ಟರೆ ಸಾಕು, ಮೈ ಅಲುಗಿದರೂ ಕೈ ಅಲುಗುತ್ತಿರಲಿಲ್ಲ.

ಈಚೆಗೆ ಕೈಯೂ ಚಡಪಡಿಸತೊಡಗಿತ್ತು. ಕಾರಣ ಹೆಂಡತಿ. ಗಂಡ ಎಂಜಿನ್ ಕಟ್ಟುತ್ತಾನೆ, ಹೆಂಡತಿ ರೇಸಿನಲ್ಲಿ ಓಡಿಸುತ್ತಾಳೆ ಎಂದರೆ ನೆಂಟರಿಷ್ಟರಿಗೆಲ್ಲ ನಗು. "ಸದ್ಯ, ಅಳಿಯಂದ್ರು ಓಡಿಸಲ್ವಲ್ಲ! ನಿಂತಿರೋ ಗೋಡೆಗೇ ಗುದ್ದಿದವ್ರು" ಎಂದು ಅತ್ತೆ ಕಂಡಕಂಡವರ ಹತ್ತಿರ ಹೇಳುತ್ತಿದ್ದರು. ಹೋದ ರೇಸಿನ ತಿರುವೊಂದರಲ್ಲಿ ಅವಳ ಕಾರು ಪಲ್ಟಿ ಹೊಡೆದಿತ್ತು. ಅವಳೇನೋ ಮೈ ಕೊಡವಿಕೊಂಡು ಎದ್ದು ಬಂದಳು. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ.

ಈ ಸಲ ಅವಳು ಎಂಜಿನ್ ಇನ್ನೂ ಜೋರಾಗಿ ಸುತ್ತಲೆಂದು ವಾಲ್ವುಗಳಿಗೆ ಇನ್ನೂ ಬಿಗಿಯಾದ ಸ್ಪ್ರಿಂಗ್ ಹಾಕಿಸಿಕೊಂಡು, "ರಾಕರ್‌ಗಳನ್ನ ಶಾಫ್ಟಿಗೇ ಕೂರ್ಸಿ" ಎಂದಳು. ರಾಕರ್ ಎಂದರೆ ವಾಲ್ವನ್ನು ಒತ್ತಿ ತೆರೆಯುವ ಪುಟ್ಟ ತೋಳು. ಮನೆ ಕಾರಿಗಾದರೆ ಅದನ್ನು ಪೀಠದ ಮೇಲೆ ಬೋಲ್ಟ್ ಹಾಕಿ ಮರೆತುಬಿಡಬಹುದು. ರೇಸಿಗೆ ಹಾಗಲ್ಲ. ಒಂದೊಂದು ತೋಳನ್ನೂ ಹೆಡ್ಡಿಗೆ ನೆಟ್ಟ ಅದರದೇ ಸ್ಟಡ್ಡಿನ, ಅಂದರೆ ಗೂಟದ, ಮೇಲೆ ಒಂಟಿಯಾಗಿ ನಿಲ್ಲಿಸಬೇಕು, ಇಲ್ಲವೇ ಎಲ್ಲವನ್ನೂ ಒಂದೇ ದಪ್ಪ ಶಾಫ್ಟಿಗೆ ಪೋಣಿಸಬೇಕು. ವೇಗ ಮಿತಿಮೀರಿದರೆ ಸ್ಟಡ್ ಬಾಗುತ್ತದೆ, ಶಾಫ್ಟ್ ಜಗ್ಗುವುದಿಲ್ಲ. ಗಿರಾಕಿಗಳಿಗೆಲ್ಲ ಅವನೇ ಹೇಳುತ್ತಿದ್ದ ಪಾಠ ಇದು.

ಹೆಂಡತಿಗೆ ಮಾತ್ರ, "ಹೆಡ್ಡಿನ ಕವರಿನಡಿ ಜಾಗ ಇಲ್ಲ ಕಣೇ, ಶಾಫ್ಟ್ ಕೂರಲ್ಲ. ಸ್ಟಡ್ಡೇ ಸಾಕು. ಎಂಜಿನ್ನನ್ನ ನಿಮಿಷಕ್ಕೆ ಏಳು ಸಾವಿರ ಸುತ್ತು ದಾಟಿಸ್ಬೇಡ, ಅಷ್ಟೇ" ಎಂದುಬಿಟ್ಟ. ಶುದ್ಧ ಸುಳ್ಳು. ಶಾಫ್ಟ್ ಕೂತ ಮೇಲೂ ಬೆರಳು ತೂರುವಷ್ಟು ಜಾಗವಿತ್ತು. ಸ್ಟಡ್ಡಿಗೆ ಹೆದರಿಯಾದರೂ ಇವಳು ಕಾಲು ಹಿಡಿತದಲ್ಲಿಟ್ಟಾಳು ಎಂಬುದು ಮಹಾಶಯನ ಲೆಕ್ಕ.

"ಆಯ್ತು ಬಿಡಿ" ಎಂದಳು ಅವಳು.

ಅಭ್ಯಾಸದ ಓಟ ಮುಗಿದ ಸಂಜೆ ಅವನು ಕವರ್ ಬಿಚ್ಚಿದ. ವಾಲ್ವಿನ ತುದಿಯಲ್ಲಿ ರಾಕರ್ ಉಜ್ಜಿದ ಗುರುತು ನಟ್ಟನಡುವೆ ಸಣ್ಣ ಗೆರೆಯಷ್ಟಿರಬೇಕಾದದ್ದು, ಸ್ಟಡ್ ಬಾಗಿ ಅಂಚಿನವರೆಗೂ ಹರಡಿಕೊಂಡಿತ್ತು. ಒಂದು ಸ್ಟಡ್ಡಿನ ಬುಡದಲ್ಲಿ ಉಗುರಿಗೆ ತಾಕುವ ಬಿರುಕು. ಅವಳು ಕಾಲು ತಡೆದಿರಲಿಲ್ಲ, ತಡೆಯುವವಳೂ ಅಲ್ಲ. ಇನ್ನೊಂದು ಸುತ್ತು ಹೋಗಿದ್ದರೆ, ಅಂಥದ್ದೇ ತಿರುವಿನಲ್ಲಿ ಎಂಜಿನ್ ಕೈಕೊಟ್ಟು... ಮುಂದಿನದನ್ನು ಯೋಚಿಸಲಾರದೆ ಗ್ಯಾರೇಜಿನಲ್ಲಿ ಶತಪಥ ತಿರುಗಿದ. ಕೊನೆಗೆ, ಬಟ್ಟೆಯಲ್ಲಿ ಸುತ್ತಿ ಕಪಾಟಿನ ಹಿಂದೆ ಬಚ್ಚಿಟ್ಟಿದ್ದ ಶಾಫ್ಟ್ ಸೆಟ್ಟನ್ನು ಹೊರತೆಗೆದ.

ಎರಡು ಬೋಲ್ಟ್ ಬಿಗಿಯುವಷ್ಟರಲ್ಲಿ ಅವಳು ಬಾಗಿಲಲ್ಲಿದ್ದಳು.

"ಇದೇನ್ರೀ? ಜಾಗ ಇಲ್ಲ ಅಂದಿದ್ರಿ?"

"ಸುಳ್ಳು ಹೇಳ್ದೆ. ನೀನು ನಿಧಾನ ಹೋಗ್ಲಿ ಅಂತ."

ಮಾತಿನ ಏಟಿಗೆ ಮೈಯೊಡ್ಡಿ ನಿಂತ. ಅವಳು ಬೈಯಲಿಲ್ಲ. ಬಿರುಕು ಬಿಟ್ಟ ಸ್ಟಡ್ಡನ್ನೆತ್ತಿ ಹೆಬ್ಬೆರಳಿನಿಂದ ಸವರಿ ನೋಡಿದಳು.

"ಪ್ರತಿ ತಿರುವಲ್ಲೂ ನಂಗೂ ಜೀವ ಬಾಯಿಗೆ ಬರುತ್ತೆ ಕಣ್ರೀ. ಎಂಜಿನ್ ಕಟ್ಟಿರೋದು ನೀವು ಅಂತ ನೆನಪು ಮಾಡ್ಕೊಂಡೇ ಕಾಲು ಒತ್ತೋದು."

ಅವನು ಸ್ಪ್ಯಾನರನ್ನು ಕೆಳಗಿಟ್ಟ.

ಅವಳು ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತಳು.

"ಬಿಗೀರಿ. ಇನ್ಮೇಲೆ ನಾನು ಇಲ್ಲೇ ಕೂತು ನೋಡ್ತೀನಿ."

ಬಿಗಿದಿದ್ದ ಎರಡೂ ಬೋಲ್ಟುಗಳನ್ನು ಅವನು ಸಡಿಲಿಸಿ, ಅವಳೆದುರಿಗೆ ಮೊದಲಿನಿಂದ ಶುರುಮಾಡಿದ.