ಕಂಬಳಿ ಹಾಸಿದ ಓದುಕೋಣೆ

ಕೊರೋನಾ ಕಾಲದ ರಜೆಗಳು ಮುಗಿದು ಶಾಲೆಗಳು ಪೂರ್ತಿ ತೆರೆದ ಮರುವರ್ಷ. ಆಗ ನಾನು ಮೂಡಲಗಿ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಊರು ಮಸಗುಪ್ಪಿಯಿಂದ ದೂರವಿಲ್ಲ. ಹೊಲ ಮಾಡುವವರು, ಕುರಿ ಕಾಯುವವರು ಹೆಚ್ಚು. ನಮ್ಮ ಮನೆ ಗೋಕಾಕದಲ್ಲಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ಆ ವರ್ಷ ಶಾಲೆಯ ಗ್ರಂಥಾಲಯವನ್ನು ಹೊಸದಾಗಿ ಮಾಡಿದೆವು. ಅದರ ಮರಗೆಲಸವೆಲ್ಲ ನಮ್ಮ ಯಜಮಾನರದು. ಅವರೀಗ ಇಲ್ಲ. ಅವರ ಕೈಯಿಂದ ಆದ ಕೊನೆಯ ಕೆಲಸ ಅದು. ಹಾಗಾಗಿ ಅದರ ವಿಷಯ ಬರೆಯುತ್ತಿದ್ದೇನೆ.

ಗ್ರಂಥಾಲಯ ಎಂದರೆ ಅಲ್ಲಿಯವರೆಗೆ ಒಂದು ಕೋಣೆ, ಎರಡು ಕಬ್ಬಿಣದ ಕಪಾಟು, ಒಂದು ಉದ್ದ ಮೇಜು. ಕಪಾಟಿಗೆ ಬೀಗ. ಶನಿವಾರ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು. ಶಿಕ್ಷಕರು ಕೈಗೆ ಸಿಕ್ಕ ಪುಸ್ತಕ ಕೊಡುತ್ತಿದ್ದರು. ಆ ವರ್ಷ ಗೋಕಾಕದಲ್ಲಿ ನಡೆದ ತರಬೇತಿಯಲ್ಲಿ ‘ಫ್ಲೆಕ್ಸಿಬಲ್ ಲರ್ನಿಂಗ್ ಸ್ಪೇಸ್’ ಎಂಬ ಮಾತು ಕೇಳಿದೆವು. ಒಂದೇ ಕೋಣೆಯನ್ನು ಬೇಕಾದಂತೆ ಬದಲಿಸಿಕೊಳ್ಳುವುದು ಎಂದು ಅದರ ಅರ್ಥ. ಕಥೆ ಹೇಳುವಾಗ ಸುತ್ತು ಕೂರಬೇಕು, ಗುಂಪಿನ ಕೆಲಸಕ್ಕೆ ಬೇರೆ ಬೇರೆ ಮೂಲೆ ಬೇಕು, ಒಬ್ಬರೇ ಓದುವವರಿಗೆ ಕಿಟಕಿಯ ಬದಿ ಬೇಕು. ಪುಸ್ತಕ ಮಗುವಿನ ಕಣ್ಣಿಗೆ ಕಾಣಬೇಕು, ಕೈಗೆ ನಿಲುಕಬೇಕು.

ನಮ್ಮವರು ಐ.ಟಿ.ಐ.ಯಲ್ಲಿ ಮರಗೆಲಸ ಕಲಿಸಿ ನಿವೃತ್ತರಾದವರು. ಆಗಲೇ ಮೂತ್ರಪಿಂಡ ಕೆಟ್ಟು ವಾರಕ್ಕೆರಡು ಸಲ ಡಯಾಲಿಸಿಸ್ ಆಗುತ್ತಿತ್ತು. ಹೃದಯವೂ ಸೋತಿದೆ, ಬಹಳ ದಿನ ಹೇಳಲಾಗದು ಎಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು. ತರಬೇತಿಯಿಂದ ಬಂದು ನಾನು ಇದನ್ನೆಲ್ಲ ವಿವರಿಸಿದಾಗ ಅವರು ಶಾಲೆಯ ಹಿಂದೆ ಬಿದ್ದಿರುವ ಮುರುಕು ಬೆಂಚುಗಳ ಬಗ್ಗೆ ಕೇಳಿದರು. ತೇಗದವು ಎಂದೆ. ಎಸ್.ಡಿ.ಎಂ.ಸಿ. ಎಂದರೆ ಪಾಲಕರೇ ಇರುವ ಶಾಲಾ ಸಮಿತಿ. ಅದರಲ್ಲಿ ಠರಾವು ಮಾಡಿಸಿ, ಬೆಂಚುಗಳನ್ನು ಟೆಂಪೋದಲ್ಲಿ ನಮ್ಮ ಮನೆಯಂಗಳಕ್ಕೆ ತರಿಸಿದೆ.

ಡಯಾಲಿಸಿಸ್ ಇಲ್ಲದ ದಿನ ಅವರು ಅಂಗಳದಲ್ಲಿ ಕುಳಿತು ಕೆಲಸ ಮಾಡುತ್ತಿದ್ದರು. ಸ್ವಲ್ಪ ಉಜ್ಜುವುದು, ಸ್ವಲ್ಪ ಒರಗುವುದು. ಸಾಕು ಬಿಡಿ ಎಂದರೆ ಕೇಳುತ್ತಿರಲಿಲ್ಲ.

“ಇದೊಂದ ಮುಗಸ್ತೀನಿ. ಹುಡುಗರು ಕುಂತ ಓದೂದ ಒಮ್ಮೆ ಕಣ್ಣಿಲೆ ನೋಡ್ತೀನಿ. ಆಮ್ಯಾಲ ನಿನ್ನ ಮಾತ ಕೇಳ್ತೀನಿ” ಎಂದರು.

ಕಪಾಟುಗಳು ನನ್ನ ಸೊಂಟದ ಎತ್ತರಕ್ಕೆ ಬಂದವು. ಬಾಗಿಲಿಲ್ಲ, ಬೀಗವಿಲ್ಲ, ತಳಕ್ಕೆ ಗಾಲಿ. ಒಂದನೇ ಇಯತ್ತೆಯ ಮಗು ನೆಲದ ಮೇಲೆ ಕುಳಿತೇ ತೆಗೆದುಕೊಳ್ಳಲಿ ಎಂದು ಕೆಳಗಿನ ಹಲಗೆಯನ್ನು ನೆಲಕ್ಕೆ ಹತ್ತಿರ ಇಟ್ಟೆವು. ಗಣಪತಿ ಹಬ್ಬದ ರಜೆ ಮುಗಿದ ಮೇಲೆ ಕೋಣೆ ತೆರೆಯಿತು. ಮೊದಲ ಕೆಲವು ದಿನ ಮಕ್ಕಳು ಗಂಟೆ ಹೊಡೆದರೂ ಹೊರಗೆ ಬರಲಿಲ್ಲ. ಪುಸ್ತಕಗಳನ್ನು ನೆಲದ ತುಂಬ ಹರಡಿಕೊಂಡು ಮಲಗಿ, ಬೋರಲು ಬಿದ್ದು, ಕಾಲು ಚಾಚಿ ಓದಿದರು. ನಮ್ಮವರನ್ನು ಕರೆದುಕೊಂಡು ಬರಬೇಕು ಎಂದುಕೊಂಡೆ. ಆ ವಾರ ಅವರಿಗೆ ಜ್ವರ ಬಂತು.

ಅಷ್ಟರಲ್ಲಿ ಯಲ್ಲವ್ವ ಶಾಲೆಗೆ ಬಂದಳು. ಕುರಿಗಾರರ ಮನೆಯ ಹಿರಿಯಳು. ಮೂರನೇ ಇಯತ್ತೆಯ ರೇಣುಕಾಳ ಅಜ್ಜಿ. ಮನೆಗೆ ಬೀಗರು ಬಂದಿದ್ದರಿಂದ ಮೊಮ್ಮಗಳನ್ನು ಕರೆಯಲು ಬಂದವಳು ಓದುಕೋಣೆಯ ಬಾಗಿಲಲ್ಲೇ ನಿಂತಳು. ಒಳಗೆ ಒಬ್ಬ ಹುಡುಗ ಪುಸ್ತಕಗಳನ್ನು ದಾಟಿಕೊಂಡು ಹೋಗುತ್ತಿದ್ದ. ರೇಣುಕಾ ಒಂದು ಪುಸ್ತಕ ಓದುತ್ತಿದ್ದಳು. ಅವಳ ಹಿಮ್ಮಡಿ ಇನ್ನೊಂದರ ಮೇಲಿತ್ತು. ಯಲ್ಲವ್ವ ಒಳಗೆ ಹೋಗಿ ಆ ಪುಸ್ತಕವನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ನನ್ನ ಕೈಗೆ ಕೊಟ್ಟಳು.

“ನಮ್ಮ ಮನ್ಯಾಗ ಓದಿದಾವ್ರು ಯಾರೂ ಇಲ್ರಿ ಬಾಯಾರ. ಆದ್ರೂ ಅಕ್ಷರಾ ಕಾಲಾಗ ಹಾಕಿಲ್ಲ” ಎಂದಳು. ಸಿಟ್ಟಿರಲಿಲ್ಲ. ಬಹಳ ಮೆಲ್ಲಗೆ ಹೇಳಿದಳು.

ಮರುದಿನ ಕುರಿಗಾರರ ಮಕ್ಕಳು ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ. ಅವರನ್ನು ನೋಡಿ ಉಳಿದವರೂ ನಿಂತರು. ವಾರ ಮುಗಿಯುವುದರೊಳಗೆ ಕೋಣೆ ಖಾಲಿ. ಸಮಿತಿಯ ಅಧ್ಯಕ್ಷ ಸಿದ್ದಪ್ಪ ಒಳ್ಳೆಯ ಮನುಷ್ಯ, ಮಾತು ಮಾತ್ರ ಚುರುಕು. ಬಂದು ಕಪಾಟುಗಳನ್ನು ಸವರಿ ನೋಡಿದ.

“ಕೆಲಸ ಭಾಳ ಛಲೋ ಆಗೇತ್ರಿ ಬಾಯಾರ. ಆದ್ರ ಪುಸ್ತಕ ಹಳೇ ಕಪಾಟಿನ್ಯಾಗ ಹಾಕಿ ಬೀಗ ಜಡೀರಿ. ಇವು ಬಿಸಿಯೂಟದ ತಾಟ ಇಡಾಕ ಅಳತಿ ಮಾಡಿಸಿದಂಗ ಅದಾವು.”

ಮುಂದಿನ ಸಭೆಯಲ್ಲಿ ಅದನ್ನೇ ನಿರ್ಧಾರ ಮಾಡುವುದೆಂದು ಹೇಳಿ ಹೋದ. ನಮ್ಮ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗೆ ಫೋನ್ ಮಾಡಿದರೆ, ನಾಲ್ಕು ಮಕ್ಕಳನ್ನು ಕೂರಿಸಿ ಫೋಟೋ ಕಳಿಸಿದರೆ ಸಾಕು ಎಂದರು.

ನಮ್ಮವರು ಪ್ರತಿ ಸಂಜೆ ಇವತ್ತು ಯಾರು ಯಾರು ಕುಳಿತಿದ್ದರು ಎಂದು ಕೇಳುತ್ತಿದ್ದರು. ಒಂದು ದಿನ ತೇಲಿಸಿ ಮಾತಾಡಿದೆ. ಮರುದಿನ ಆಗಲಿಲ್ಲ. ತಾಟಿನ ಮಾತು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ನೊಂದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ನೇರ ಕೆಲಸದ ಮಾತಿಗೇ ಬಂದರು.

“ಹಲಗಿ ಎತ್ತರಿಸಿದ್ರ ಸಣ್ಣವಕ್ಕ ನಿಲುಕೂದಿಲ್ಲ. ಆ ಮುದುಕಿ ಹೇಳಿದ್ದೂ ಸುಳ್ಳಲ್ಲ. ಹೋಗಿ ಆಕೀನ್ನ ಕೇಳು, ಕೆಳಗ ಇಟ್ರೂ ಕೆಳಗ ಇಟ್ಟಂಗ ಆಗದಿರೂದು ಹೆಂಗ ಅಂತ.”

ಅವರು ಹೇಳಿದಾಗ ನನಗೆ ತವರಿನ ನೆನಪಾಯಿತು. ಹುಕ್ಕೇರಿ ಕಡೆಯ ನಮ್ಮ ಆ ಮನೆಯಲ್ಲಿ ಕಪಾಟು ಎಲ್ಲಿಂದ ಬರಬೇಕು? ಕೂಲಿ ಮಾಡುವ ಅಪ್ಪ ನನ್ನ ಪುಸ್ತಕಗಳನ್ನು ಗೋಡೆಯ ಮಾಡದಲ್ಲಿ, ದೀಪದ ಬಾಜೂಕ್ಕೆ ಇಡುತ್ತಿದ್ದ. ಆ ಗೂಡು ನನಗೆ ನಿಲುಕುತ್ತಿರಲಿಲ್ಲ. ಅಪ್ಪ ಬರುವವರೆಗೆ ಓದಲು ಕಾಯುತ್ತಿದ್ದೆ.

ಶಾಲೆ ಬಿಟ್ಟ ಮೇಲೆ ಯಲ್ಲವ್ವನ ಮನೆಗೆ ಹೋದೆ. ಕುರಿಗಳು ಆಗಷ್ಟೇ ಹಟ್ಟಿಗೆ ಬಂದಿದ್ದವು. ಪಡಸಾಲೆಯಲ್ಲಿ ಅವಳು ಕರಿ ಕಂಬಳಿ ಹಾಸಿದಳು. ನಾನು ಸ್ವಲ್ಪ ತಡೆದೆ. ನಮ್ಮವ್ವನ ಕಾಲದಲ್ಲಿ ನಮ್ಮ ಕೇರಿಯವರನ್ನು ಇಂಥ ಮನೆಗಳ ಒಳಗೆ ಕರೆಯುತ್ತಿರಲಿಲ್ಲ, ಅಂಗಳದಲ್ಲೇ ನಿಂತು ಮಾತಾಡಿ ಬರುತ್ತಿದ್ದರು. ಯಲ್ಲವ್ವ ಅದನ್ನು ಬೇರೆ ರೀತಿ ತಿಳಿದುಕೊಂಡಳು.

“ಚುಚ್ಚತೇತಿ ಅಂತ ಅಂಜೀರೇನು? ಒಂದ ಗಳಿಗಿ ಅಷ್ಟ. ಆಮ್ಯಾಲ ಎದ್ದ ಹೋಗಾಕ ಮನಸ ಬರೂದಿಲ್ಲ, ಕುಂಡ್ರ ಬರ್ರಿ.”

ಕುಳಿತೆ. ತಿದ್ದಲು ಒಯ್ಯುತ್ತಿದ್ದ ಮಕ್ಕಳ ನೋಟುಪುಸ್ತಕಗಳು ಚೀಲದಿಂದ ಇಣುಕುತ್ತಿದ್ದವು. ಚೀಲವನ್ನು ಕಂಬಳಿಯ ಅಂಚಿನಾಚೆ, ನೆಲದ ಮೇಲೆ ಇಟ್ಟಿದ್ದೆ. ಚಹಾ ತಂದ ಯಲ್ಲವ್ವ ಲೋಟ ನನ್ನ ಕೈಗೆ ಕೊಟ್ಟು, ಚೀಲವನ್ನು ಎತ್ತಿ ಕಂಬಳಿಯ ಮೇಲೆ ನನ್ನ ಪಕ್ಕದಲ್ಲಿ ಇಟ್ಟಳು. ಇಡುವಾಗ ಅವಳು ಬೇರೇನನ್ನೂ ಯೋಚಿಸಿದಂತೆ ಇರಲಿಲ್ಲ. ಅಭ್ಯಾಸದ ಕೈ ಅದು. ಚಹಾ ಕುಡಿಯುವುದನ್ನು ಬಿಟ್ಟು ಕೇಳಿದೆ.

“ಯಲ್ಲವ್ವಾರ, ಕಂಬಳಿ ಮ್ಯಾಲ ನಾವೂ ಕುಂತೀವಿ, ಪುಸ್ತಕಾನೂ ಇಟ್ರಿ. ಇದು ನಡೀತೇತೇನ್ರಿ?”

“ಹಾಸಿದ ಮ್ಯಾಲ ಅದು ನೆಲಾ ಅಲ್ರಿ, ಗದ್ದಿಗಿ. ದೇವರನ್ನೂ ಅದರ ಮ್ಯಾಲ ಕುಂಡ್ರಸ್ತೀವಿ. ಚಪ್ಪಲ ಮೆಟ್ಟೂದಿಲ್ಲ, ದೇವರ ಕಡೆ ಕಾಲ ಚಾಚೂದಿಲ್ಲ. ಅಷ್ಟ.”

ನಾನು ಬಂದ ಕೆಲಸ ಹೇಳಿ, ಓದುಕೋಣೆಯಲ್ಲೂ ಹೀಗೇ ಹಾಸೋಣವೇ ಎಂದೆ. ಅವಳು ಕೂಡಲೇ ಒಪ್ಪಲಿಲ್ಲ. ಹುಡುಗರು ಮಾತು ಕೇಳುತ್ತಾರೆಯೇ, ಕಂಬಳಿ ಹಾಸಿದ ಮೇಲೂ ಪುಸ್ತಕ ತುಳಿದರೆ ದೊಡ್ಡ ತಪ್ಪಾಗುತ್ತದೆ, ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದಳು. ನೀವೇ ಬಂದು ನೋಡಿಕೊಳ್ಳಿ ಎಂದೆ. ಅವಳು ನಕ್ಕಳು. ಈ ವಯಸ್ಸಿನಲ್ಲಿ ತನ್ನನ್ನು ಶಾಲೆಗೆ ಹಾಕುತ್ತೀರಾ ಎಂದಳು. ಎದ್ದು ಒಳಗಿನಿಂದ ಇನ್ನೊಂದು ಕಂಬಳಿ ತಂದು ಕೊಟ್ಟಳು. ಅಂಚು ಹರಿದದ್ದು, ಆದರೆ ಒಗೆದಿಟ್ಟದ್ದು.

ಉಳಿದ ಮನೆಗಳಿಂದಲೂ ಹಳೆಯ ಕಂಬಳಿಗಳು ಬಂದವು. ಕಪಾಟಿನ ಕೆಳ ಹಲಗೆಗೆ ಕಂಬಳಿ ಪಟ್ಟಿ ಹೊಂದಿಸಿದೆವು. ನಡುವೆ ಒಂದು ಕಂಬಳಿಯ ಮೇಲೆ ಪುಸ್ತಕ, ಸುತ್ತಲೂ ಕಂಬಳಿಯ ಮೇಲೆ ಮಕ್ಕಳು, ಎಲ್ಲರೂ ಚಕ್ಕಳಮಕ್ಕಳ. ಯಾವ ಮನೆಯ ಕಂಬಳಿ, ಯಾವ ಕೇರಿಯ ಮಗು ಎಂದು ಯಾರೂ ಕೇಳಲಿಲ್ಲ. ನಾನಂತೂ ಅದನ್ನು ಗಮನಿಸುತ್ತಲೇ ಇದ್ದೆ. ನಾಟಕ ಆಡಿಸಬೇಕಾದರೆ ಕಂಬಳಿ ಮಡಚಿದರೆ ಕೋಣೆ ಬಯಲು. ಪಾಠದ ಗುಂಪಿಗೆ ಒಂದೊಂದು ಕಂಬಳಿ ಒಂದೊಂದು ಮೂಲೆ. ತರಬೇತಿಯಲ್ಲಿ ತೋರಿಸಿದ ಬಣ್ಣದ ಮ್ಯಾಟುಗಳು ಇಷ್ಟು ಬೇಗ ಜಾಗ ಬದಲಿಸುತ್ತಿರಲಿಲ್ಲ. ಸಭೆಯ ದಿನ ಸಿದ್ದಪ್ಪ ಬಂದು ನೋಡಿ, ಹಾಗಾದರೆ ತಾಟಿಗೆ ಬೇರೆ ಕಪಾಟು ಮಾಡಿಸಬೇಕಾಯಿತಲ್ಲ ಎಂದ. ಅದು ಅವನ ಒಪ್ಪಿಗೆ.

ಚಳಿಗಾಲ ಬಂದಿತ್ತು. ನಮ್ಮವರ ಕಾಲುಗಳು ಊದಿಕೊಂಡಿದ್ದವು. ಇನ್ನು ತಡ ಮಾಡಿದರೆ ಆಗುವುದಿಲ್ಲ ಎಂದು ಇಬ್ಬರಿಗೂ ತಿಳಿದಿತ್ತು. ಒಂದು ಶನಿವಾರ ಬೆಳಗಿನ ಶಾಲೆಗೆ ಕಾರು ಮಾಡಿಸಿಕೊಂಡು ಬಂದೆವು. ಶನಿವಾರ ಯಲ್ಲವ್ವ ಬಂದು ಕೂರುವುದು ಆಗಲೇ ರೂಢಿಯಾಗಿತ್ತು. ಬಾಗಿಲ ಬಳಿ ಕುಳಿತು ರೇಣುಕಾಳಿಂದ ಕಥೆ ಓದಿಸಿಕೊಳ್ಳುತ್ತಿದ್ದಳು. ನಮ್ಮವರು ಗೋಡೆ ಹಿಡಿದು ಹೊಸ್ತಿಲಿಗೆ ಬಂದರು. ಅವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

“ಚಪ್ಪಲ ಅಲ್ಲೇ ಬಿಡಪಾ ತಮ್ಮಾ. ಗದ್ದಿಗಿ ಹಾಸೇತಿ” ಎಂದಳು.

ಅವರು ಚಪ್ಪಲಿ ಬಿಟ್ಟರು. ಈ ಕಪಾಟು ಮಾಡಿದವರು ಇವರೇ ಎಂದು ನಾನು ಹೇಳಹೊರಟೆ. ಬೇಡ ಎಂದು ಕೈಸನ್ನೆ ಮಾಡಿದರು. ಮೆಲ್ಲಗೆ ಕಂಬಳಿಯ ಮೇಲೆ ಕುಳಿತರು. ಕಾಲು ಮಡಚಲು ನೋಡಿದರು, ಆಗಲಿಲ್ಲ. ಇನ್ನೊಮ್ಮೆ ಕೈಯಿಂದ ಹಿಡಿದು ಮಡಚಲು ನೋಡಿದರು. ಎದುರಿಗೇ ಪುಸ್ತಕಗಳಿದ್ದವು. ಅವರು ನನ್ನ ಕಡೆ ನೋಡಿ, ಏಳಲು ನೆಲಕ್ಕೆ ಕೈ ಊರಿದರು. ಹೊರಗೆ ಕುರ್ಚಿ ಹಾಕಿಸಬೇಕು ಎಂದು ನಾನು ತಿರುಗಿದೆ.

ಅಷ್ಟರಲ್ಲಿ ಯಲ್ಲವ್ವ ಎದ್ದು ಬಂದಿದ್ದಳು. ಅವರ ಕಾಲಿನೆದುರಿನ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಆಚೆ ಬದಿಗೆ ಇಡತೊಡಗಿದಳು.

“ಆ ಕಡೆ ಸರೀರಿ ಎಲ್ಲಾ. ಈ ಅಜ್ಜ ಕಾಲ ಚಾಚ್ಲಿ” ಎಂದು ಮಕ್ಕಳಿಗೆ ಹೇಳಿ, ಅವರ ಕಡೆ ತಿರುಗಿದಳು. “ಚಾಚಪಾ. ಈಗ ನಿನ್ನ ಮುಂದ ಏನೂ ಇಲ್ಲ.”

ಮಕ್ಕಳು ಪುಸ್ತಕದಿಂದ ಕಣ್ಣು ತೆಗೆಯದೆ ಕುಳಿತಲ್ಲೇ ಸರಿದರು. ನಮ್ಮವರು ಕಾಲು ಚಾಚಿದರು. ಗಂಟೆ ಹೊಡೆಯುವವರೆಗೂ ಹಾಗೆಯೇ ಗೋಡೆಗೆ ಒರಗಿ ಕುಳಿತು ನೋಡಿದರು. ಗೋಕಾಕಕ್ಕೆ ಮರಳುವಾಗ ಕಾರಿನಲ್ಲಿ ಕಾಲು ನೀವಿಕೊಂಡರು.

“ಯಾರೂ ನನ್ನ ಮಾರಿ ನೋಡ್ಲಿಲ್ಲ” ಎಂದರು ಆಮೇಲೆ. “ಎಲ್ಲಾರೂ ಓದಾಕತ್ತಿದ್ರು.” ಅವರ ದನಿಯಲ್ಲಿ ತೃಪ್ತಿಯಿತ್ತು.

ಪರೀಕ್ಷೆಗಳು ಶುರುವಾಗುವ ಮುಂಚೆ ಅವರು ಹೋದರು. ಮುಂದೆ ನಾನೂ ನಿವೃತ್ತಳಾದೆ. ಒಂದು ಓದುಕೋಣೆ ಸಿದ್ಧವಾಯಿತು ಎಂದು ಯಾವಾಗ ತಿಳಿಯಬೇಕು ಎಂದು ಹೊಸ ಶಿಕ್ಷಕರು ಒಮ್ಮೊಮ್ಮೆ ಕೇಳುತ್ತಾರೆ. ಅಲ್ಲಿ ಕುಳಿತವರು ಬಂದವರಿಗೆ ತಾವಾಗಿ ಸರಿದು ಜಾಗ ಕೊಟ್ಟ ದಿನ ಎನ್ನುತ್ತೇನೆ. ನಮ್ಮ ಕೋಣೆ ಸಿದ್ಧವಾದದ್ದು ಆ ಶನಿವಾರ. ಅದನ್ನು ಮಾಡಿದವರು ಆಗ ಅದರೊಳಗೇ ಕುಳಿತಿದ್ದರು.